ಬೋರ್ಡ್ ಮಾರುವ ಮುಂಚೆ ಸಾಕೆಟ್ ತೆರೆದು ತೋರಿಸಿ

ಮಾನ್ಯ ಸಂಪಾದಕರೇ,

"ಪಿನ್ ಬೆಂಡ್ ಆಗಿದೆ, ವಾರಂಟಿ ಬರಲ್ಲ." ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದು ಮದರ್‌ಬೋರ್ಡ್ (ಒಳಗಿನ ಭಾಗಗಳೆಲ್ಲ ಕೂರುವ ಮುಖ್ಯ ಹಲಗೆ) ಹಿಡಿದುಕೊಂಡು ಅಂಗಡಿಗೆ ಹೋದ ನಮ್ಮೂರಿನ ಎಷ್ಟೋ ಜನ ಈ ಒಂದು ಮಾತು ಕೇಳಿಸಿಕೊಂಡು ಸುಮ್ಮನೆ ವಾಪಸ್ ಬಂದಿದ್ದಾರೆ. ಅಲ್ಲಿಗೆ ಮುಗೀತು. ಬೋರ್ಡ್ ಹೋಯಿತು, ದುಡ್ಡೂ ಹೋಯಿತು. ಆ ಪಿನ್ ಯಾವಾಗ ಬಾಗಿತು, ಯಾರ ಕೈಯಲ್ಲಿ ಬಾಗಿತು ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಉತ್ತರ ಕೊಡುವವರಿಲ್ಲ. ಈ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದ ಆಗುತ್ತದೆ. ಜಾಗ ಇದ್ದರೆ ಪೂರ್ತಿ ಹಾಕಿ, ಇಲ್ಲದಿದ್ದರೆ ಅಂಗಡಿಯವರಿಗೆ ಹೇಳಿರುವ ಭಾಗವನ್ನಾದರೂ ಹಾಕಿ.

ನಾನು ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವವನು. ಹೊಸ ಬೋರ್ಡ್ ಮಾರುವ ವ್ಯಾಪಾರ ನನ್ನದಲ್ಲ. ಹಾಗೆ ನೋಡಿದರೆ ಪಿನ್‌ಗಳು ಬಾಗಿದಷ್ಟೂ ನನಗೆ ಕೆಲಸ ಜಾಸ್ತಿ, ಈ ಪತ್ರ ಬರೆಯುವುದರಿಂದ ನನ್ನ ಹೊಟ್ಟೆಗೇ ಏಟು. ಆದರೂ ಬರೆಯುತ್ತಿದ್ದೇನೆ, ಯಾಕಂದರೆ ಈ ಜಗಳದಲ್ಲಿ ಸೋಲುವುದು ಯಾವಾಗಲೂ ಗಿರಾಕಿಯೇ.

ಗೊತ್ತಿಲ್ಲದವರಿಗೆ ಎರಡು ಮಾತು. ಮದರ್‌ಬೋರ್ಡ್‌ನಲ್ಲಿ ಕಬ್ಬಿಣದ ಚೌಕಟ್ಟು, ಪಕ್ಕದಲ್ಲೊಂದು ಸಣ್ಣ ಲಿವರ್ ಇರುವ ಜಾಗ ಕಾಣುತ್ತದಲ್ಲ, ಅದೇ ಸಾಕೆಟ್. ಪ್ರೊಸೆಸರ್, ಅಂದರೆ ಕಂಪ್ಯೂಟರ್‌ನ ಮಿದುಳಿನಂಥ ಚಿಪ್, ಕೂರುವುದು ಅಲ್ಲಿ. ಅದನ್ನು ಬೋರ್ಡ್‌ಗೆ ಜೋಡಿಸುವುದು ಪಿನ್‌ಗಳು. ಹಿಂದೆ ಪಿನ್‌ಗಳು ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇರುತ್ತಿದ್ದವು, ಸಾಕೆಟ್‌ನಲ್ಲಿ ಬರೀ ತೂತು. ಪೆಂಟಿಯಂ 4 ನಡೆಯುತ್ತಿದ್ದ ಕಾಲದಲ್ಲಿ, 2004ರಲ್ಲಿ, ಪ್ರೊಸೆಸರ್ ಮಾಡುವ ಇಂಟೆಲ್ ಕಂಪನಿ ಇದನ್ನು ಉಲ್ಟಾ ಮಾಡಿತು. 775 ಪಿನ್‌ಗಳ ಹೊಸ ಸಾಕೆಟ್ ತಂದು ಪಿನ್‌ಗಳನ್ನೆಲ್ಲ ಬೋರ್ಡ್ ಮೇಲೆ ಕೂರಿಸಿತು. ಪ್ರೊಸೆಸರ್ ಕೆಳಗೆ ಚಿನ್ನದ ಬಣ್ಣದ ಚಪ್ಪಟೆ ಚುಕ್ಕೆಗಳಷ್ಟೇ ಉಳಿದವು. ಇನ್ನೊಂದು ಪ್ರೊಸೆಸರ್ ಕಂಪನಿಯಾದ ಎಎಂಡಿಯವರು ಮನೆಬಳಕೆಯ ಪ್ರೊಸೆಸರ್‌ಗಳಲ್ಲಿ ಹಳೇ ಪದ್ಧತಿಯನ್ನೇ ತುಂಬಾ ವರ್ಷ ಇಟ್ಟುಕೊಂಡಿದ್ದರು, ಈಗಲೂ ಜನರ ಮನೆಯಲ್ಲಿ ಓಡುತ್ತಿರುವ, ಅವರ ಎಎಂ4 ಎಂಬ ಸಾಕೆಟ್‌ನಲ್ಲಿ ಕೂರುವ ಪ್ರೊಸೆಸರ್‌ನ ಕೆಳಗೆ 1331 ಪಿನ್‌ಗಳಿವೆ. 2022ರಲ್ಲಿ ಎಎಂ5 ಬಂದಾಗ ಅವರೂ ಪಿನ್‌ಗಳನ್ನು ಬೋರ್ಡ್‌ಗೆ ದಾಟಿಸಿದರು, ಅಲ್ಲಿ 1718. ಇಂಟೆಲ್‌ನ 2021ರ ಸಾಕೆಟ್‌ನಲ್ಲಿ 1700, 2024ರದರಲ್ಲಿ 1851. ಹೆಚ್ಚುಕಮ್ಮಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಇಷ್ಟೂ ಪಿನ್‌ಗಳು ಕೂತಿರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಮಿಲಿಮೀಟರ್ ಕೂಡ ಇಲ್ಲ.

ಅಂದರೆ ಮುಟ್ಟಿದರೆ ಮುನಿಯುವಂಥ ಭಾಗ ಪ್ರೊಸೆಸರ್ ಬಿಟ್ಟು ಬೋರ್ಡ್‌ಗೆ ಬಂತು. ಅದರ ಜೊತೆಗೆ ಜವಾಬ್ದಾರಿಯೂ ಬೋರ್ಡ್ ಮಾಡುವವರಿಗೆ, ಮಾರುವವರಿಗೆ ಬರಬೇಕಿತ್ತು. ಬರಲಿಲ್ಲ. ಬೋರ್ಡ್ ಕಂಪನಿಗಳು ಬಾಗಿದ ಪಿನ್ನನ್ನು ಸಾಮಾನ್ಯವಾಗಿ "ಫಿಸಿಕಲ್ ಡ್ಯಾಮೇಜ್" ಲೆಕ್ಕಕ್ಕೆ ಹಾಕುತ್ತವೆ, ಅಂದರೆ ಗಿರಾಕಿ ಮಾಡಿಕೊಂಡ ಹಾನಿ. ಮೂರು ವರ್ಷದ ವಾರಂಟಿ ಮೂರೇ ದಿನದಲ್ಲಿ ಮುಗಿಯಬಹುದು.

ಜಗಳೂರು ಕಡೆಯ ಒಬ್ಬ ಎಂಜಿನಿಯರಿಂಗ್ ಹುಡುಗ ನನ್ನ ಹತ್ತಿರ ಬಂದಿದ್ದ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಕೊಡಿಸಿದ ಕಂಪ್ಯೂಟರ್. ಪ್ರೊಸೆಸರ್ ಆನ್‌ಲೈನ್‌ನಲ್ಲಿ ತರಿಸಿದ್ದಾನೆ, ಬೋರ್ಡ್ ಮಾತ್ರ ಊರಲ್ಲೇ ತಗೊಂಡಿದ್ದಾನೆ, ಏನಾದರೂ ಆದರೆ ಕೇಳಲು ಹತ್ತಿರ ಇರುತ್ತಾರೆ ಅಂತ. ಹಾಸ್ಟೆಲ್ ರೂಮಿನಲ್ಲಿ ಕೂತು ಜೋಡಿಸಿದರೆ ಫ್ಯಾನ್ ತಿರುಗುತ್ತದೆ, ಡಿಸ್ಪ್ಲೇ ಬರುವುದಿಲ್ಲ. ಅವತ್ತೇ ಅಂಗಡಿಗೆ ಓಡಿದ್ದಾನೆ. ಕೌಂಟರ್‌ನಲ್ಲಿದ್ದವರು ಟಾರ್ಚ್ ಬಿಟ್ಟು ನೋಡಿ "ಪಿನ್ ಹೋಗಿದೆ, ನೀನೇ ಮಾಡಿದ್ದು" ಎಂದರಂತೆ. "ಇಲ್ಲ ಅಣ್ಣ, ನಾನು ಸರಿಯಾಗೇ ಕೂರಿಸಿದ್ದೆ" ಎಂದು ಇವನು ಎಷ್ಟು ಹೇಳಿದರೂ ಕೇಳುವವರಿಲ್ಲ. ರೂಮ್‌ಮೇಟ್ ಮೊಬೈಲ್‌ನಲ್ಲಿ ವಿಡಿಯೋ ಮಾಡಿದ್ದ. ನಾನೂ ನೋಡಿದೆ. ಆದರೆ ಅದು ಶುರುವಾಗುವುದೇ ಪ್ರೊಸೆಸರ್ ಒಳಗೆ ಕೂತ ಮೇಲೆ, ಅದರ ಬಿಸಿ ಹೊರಹಾಕುವ ಲೋಹದ ಭಾಗವಾದ ಹೀಟ್‌ಸಿಂಕ್ ಹಾಕುವಲ್ಲಿಂದ. ಅದಕ್ಕೂ ಮುಂಚೆ ಖಾಲಿ ಸಾಕೆಟ್ ಹೇಗಿತ್ತು ಎನ್ನುವುದಕ್ಕೆ ಸಾಕ್ಷಿ ಏನೂ ಇಲ್ಲ. ಬಿಲ್‌ನ ಕೆಳಗೆ ಸಣ್ಣಕ್ಷರದಲ್ಲಿ "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಅಂತ ಬೇರೆ ಇತ್ತು.

ಹುಡುಗನ ಕೈ ನಡುಗಿ ಬಾಗಿರಬಹುದು. ಅವನ ಕೈಗೆ ಬರುವ ಮುಂಚೆಯೇ ಬಾಗಿರಬಹುದು. ಒಂದು ಬೋರ್ಡ್ ಫ್ಯಾಕ್ಟರಿಯಿಂದ ಹೊರಟು ಹಡಗು, ಗೋಡೌನ್, ಬೆಂಗಳೂರಿನ ಡೀಲರ್, ಅಲ್ಲಿಂದ ಟ್ರಾನ್ಸ್‌ಪೋರ್ಟ್ ಲಾರಿ ಎಲ್ಲ ದಾಟಿ ನಮ್ಮ ಅಂಗಡಿಗೆ ಬರುತ್ತದೆ. ಅಂಗಡಿಗೆ ಬಂದ ಮೇಲೂ ಅದರ ಓಡಾಟ ಮುಗಿದಿರುವುದಿಲ್ಲ. ಯಾರೋ ಕೆಟ್ಟ ಪ್ರೊಸೆಸರ್ ತರುತ್ತಾರೆ, ಟೆಸ್ಟ್ ಮಾಡಲು ಹೊಸ ಬೋರ್ಡ್ ಒಂದನ್ನು ಡಬ್ಬಿಯಿಂದ ತೆಗೆದು ಹಾಕಿ ನೋಡುತ್ತಾರೆ, ಮತ್ತೆ ಕವರ್ ಮಾಡಿ ಡಬ್ಬಿಗೆ ಸೇರಿಸುತ್ತಾರೆ. ಹೀಗೆ ನಡೆಯುವುದೇ ಇಲ್ಲ ಎಂದು ಈ ಲೈನ್‌ನಲ್ಲಿರುವ ಯಾರೂ ಎದೆ ಮುಟ್ಟಿಕೊಂಡು ಹೇಳಲಾರರು. ಎಷ್ಟೋ ಬೋರ್ಡ್‌ಗಳ ಡಬ್ಬಿಗೆ ಸರಿಯಾದ ಸೀಲೇ ಇರುವುದಿಲ್ಲ. ಹೀಗಿರುವಾಗ ಕೊನೆಗೆ ಕೈಯಲ್ಲಿ ಹಿಡಿದವನೇ ಕಳ್ಳ ಅನ್ನುವುದು ಯಾವ ನ್ಯಾಯ?

ನನ್ನ ಬೇಡಿಕೆ ಒಂದೇ. ಬೋರ್ಡ್ ಮಾರುವ ಅಂಗಡಿಯವರು ಬಿಲ್ ಮಾಡುವ ಮುಂಚೆ ಗಿರಾಕಿಯ ಎದುರಿಗೇ ಸಾಕೆಟ್ ತೆರೆದು ತೋರಿಸಬೇಕು. ಗಿರಾಕಿ ತನ್ನ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಬೇಕು. ಬಿಲ್ ಮೇಲೆ "ಸಾಕೆಟ್ ನೋಡಿ ಕೊಡಲಾಗಿದೆ" ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಅಷ್ಟೇ. ಒಂದೆರಡು ನಿಮಿಷದ ಕೆಲಸ. ಚಿನ್ನ ಕೊಳ್ಳುವಾಗ ತೂಕದ ಯಂತ್ರ ನಮ್ಮ ಕಡೆ ತಿರುಗಿಸಿ ತೋರಿಸುತ್ತಾರಲ್ಲ, ಇದೂ ಹಾಗೇ.

"ಕವರ್ ತೆಗೆದರೆ ಹೊಸ ಮಾಲು ಅನ್ನಿಸಿಕೊಳ್ಳಲ್ಲ ಸರ್" ಎಂದು ಕೆಲವರು ಹೇಳುತ್ತಾರೆ. ಇದು ನೆಪ. ಈಗಿನ ಸಾಕೆಟ್‌ಗಳಲ್ಲಿ ಅವರು ಕವರ್ ಅನ್ನುವ, ಪಿನ್‌ಗಳನ್ನು ಕಾಯುವ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಮೇಲಿನ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿಕೊಂಡಿರುತ್ತದೆ. ಲಿವರ್ ಬಿಚ್ಚಿ ಚೌಕಟ್ಟು ಎತ್ತಿದರೆ ಮುಚ್ಚಳವೂ ಅದರ ಜೊತೆಗೇ ಮೇಲೆದ್ದು ಬರುತ್ತದೆ, ಪಿನ್‌ಗಳು ಕಾಣುತ್ತವೆ. ನೋಡಿ ಮತ್ತೆ ಹಾಗೇ ಇಳಿಸಿದರೆ ಆಯಿತು. ಮುಚ್ಚಳ ಕಿತ್ತು ತೆಗೆಯಬೇಕಾದ ಅಗತ್ಯವೇ ಇಲ್ಲ. ನಿಜ ಹೇಳಬೇಕೆಂದರೆ ಅದನ್ನು ಬೆರಳಲ್ಲಿ ಕೀಳಲು ಹೋಗಿ ಜಾರಿಸಿ ಪಿನ್ ಮೇಲೆ ಬೀಳಿಸಿದವರೇ ಜಾಸ್ತಿ. ಪ್ರೊಸೆಸರ್ ಕೂರಿಸಿ ಚೌಕಟ್ಟು ಮುಚ್ಚಿ ಲಿವರ್ ಒತ್ತಿದಾಗ ಮುಚ್ಚಳ ತಾನಾಗೇ ಟಪ್ ಅಂತ ಹಾರಿ ಬರುತ್ತದೆ. ಅದನ್ನು ಎಸೆಯಬೇಡಿ. ಮುಂದೆ ಯಾವತ್ತಾದರೂ ಬೋರ್ಡ್ ಸರ್ವಿಸ್‌ಗೆ ಕಳಿಸುವಾಗ ಆ ಮುಚ್ಚಳ ಹಾಕದೆ ಕಳಿಸಿದರೆ ದಾರಿಯಲ್ಲೇ ಪಿನ್ ಹಾಳಾಗುತ್ತದೆ, ತಪ್ಪು ಮತ್ತೆ ನಿಮ್ಮ ತಲೆಗೆ. ಎರಡು ರೂಪಾಯಿ ಬೆಲೆಯೂ ಇಲ್ಲದ ಪ್ಲಾಸ್ಟಿಕ್ ತುಂಡು, ಆದರೆ ಡಬ್ಬಿಯಲ್ಲಿ ಬಿಲ್ ಜೊತೆ ಇಟ್ಟುಕೊಳ್ಳಿ.

ಆನ್‌ಲೈನ್‌ನಲ್ಲಿ ತರಿಸುವವರು ಪಾರ್ಸೆಲ್‌ನ ಟೇಪ್ ಕತ್ತರಿಸುವಲ್ಲಿಂದ ಹಿಡಿದು ಖಾಲಿ ಸಾಕೆಟ್ ಹತ್ತಿರದಿಂದ ಕಾಣುವವರೆಗೆ ನಡುವೆ ನಿಲ್ಲಿಸದೆ ವಿಡಿಯೋ ಮಾಡಿ. ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಮತ್ತು ಬೋರ್ಡ್ ಮೇಲಿನ ನಂಬರ್ ಎರಡೂ ಅದರಲ್ಲಿ ಬರಲಿ.

ಇನ್ನು ಪಿನ್ ಬಾಗಿದ ಮಾತ್ರಕ್ಕೆ ಬೋರ್ಡ್ ಸತ್ತಿತು ಎನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಅಶೋಕ ರಸ್ತೆ ಕಡೆಯ ಒಂದು ಡಿಟಿಪಿ ಅಂಗಡಿಯ ಮಷೀನ್ ಬಂದಿತ್ತು. ಮದುವೆ ಸೀಸನ್, ಲಗ್ನಪತ್ರಿಕೆ ಕೆಲಸ ರಾಶಿ ಬಿದ್ದಿದೆ, ಮಷೀನ್ ಮಾತ್ರ ಆಮೆ ಥರ. 16 ಜಿಬಿ ರ‍್ಯಾಮ್ ಹಾಕಿದ್ದರೆ 8 ಮಾತ್ರ ತೋರಿಸುತ್ತಿತ್ತು. ರ‍್ಯಾಮ್ ಬದಲಾಯಿಸಿದ್ದಾರೆ, ಆಗಲಿಲ್ಲ. ಸ್ಲಾಟ್ ಹೋಗಿದೆ ಎಂದರು ಒಬ್ಬರು. ಇನ್ನೊಬ್ಬರು ಹೊಸ ಬೋರ್ಡ್‌ಗೆ ಕೊಟೇಶನ್ನೇ ಕೊಟ್ಟುಬಿಟ್ಟಿದ್ದರು. ಈಗಿನ ಪ್ರೊಸೆಸರ್‌ಗಳಲ್ಲಿ ರ‍್ಯಾಮ್ ಜೊತೆ ವ್ಯವಹರಿಸುವ ಮೆಮೊರಿ ಕಂಟ್ರೋಲರ್ ಪ್ರೊಸೆಸರ್‌ನ ಒಳಗೇ ಇರುತ್ತದೆ, ರ‍್ಯಾಮ್ ಸ್ಲಾಟ್‌ನಿಂದ ಬರುವ ಗೆರೆಗಳು ನೇರ ಸಾಕೆಟ್ ಪಿನ್‌ಗಳಿಗೆ ಬರುತ್ತವೆ. ಹಾಗಾಗಿ ಒಂದು ಚಾನೆಲ್, ಅಂದರೆ ರ‍್ಯಾಮ್‌ಗೆ ಹೋಗುವ ಒಂದು ದಾರಿ, ಪೂರ್ತಿ ಕಾಣೆಯಾಗಿದ್ದರೆ ನಾನು ರ‍್ಯಾಮ್ ಮುಟ್ಟುವ ಮುಂಚೆ ಸಾಕೆಟ್ ನೋಡುತ್ತೇನೆ.

ತೆರೆದು ನೋಡಿದರೆ ಒಂದು ಅಂಚಿನಲ್ಲಿ ಪಿನ್ ಒಂದು ಪಕ್ಕಕ್ಕೆ ಮಲಗಿತ್ತು, ಅದರ ಕೊಕ್ಕೆಗೆ ಬಿಳಿ ನೂಲಿನ ಎಳೆ ಸಿಕ್ಕಿಕೊಂಡು ಹಾಗೇ ಇತ್ತು. ಯಾರೋ ಸರ್ವಿಸ್ ಮಾಡುವಾಗ ಸಾಕೆಟ್ ಮೇಲೆ ಬಿದ್ದ ಹಳೇ ಪೇಸ್ಟ್ (ಬಿಸಿ ದಾಟಿಸಲು ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವುದು) ಒರೆಸಲು ಬನಿಯನ್ ಬಟ್ಟೆ ಹಾಕಿದ್ದಾರೆ. ಪಿನ್ ಬಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಪಿನ್‌ಗಳ ತುದಿ ಕೊಕ್ಕೆ ಥರ ಬಾಗಿರುತ್ತದೆ, ಬಟ್ಟೆಯ ಒಂದೇ ಒಂದು ಎಳೆ ಸಿಕ್ಕಿದರೂ ಎಳೆದುಕೊಂಡು ಹೋಗುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯೂ ಅಷ್ಟೇ. ಹತ್ತಿ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು, ಹತ್ತಿಯ ಮೇಲೆ ಅಭಿಮಾನ ಇರಲಿ, ಸಾಕೆಟ್ ಹತ್ತಿರ ಮಾತ್ರ ಬಿಡಬೇಡಿ. ಪೇಸ್ಟ್ ಬಿದ್ದಿದ್ದರೆ 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಟ್ಟು, ಮೆತ್ತನೆ ಬ್ರಶ್‌ನ ತುದಿಯಿಂದ, ಒರೆಸದೆ, ಮೇಲಿಂದ ಮೆಲ್ಲಗೆ ತಟ್ಟಿ ತೆಗೆಯಬೇಕು. ಮೆಡಿಕಲ್ ಸ್ಟೋರ್‌ನಲ್ಲಿ ಗಾಯಕ್ಕೆ ಕೊಡುವ 70 ಪರ್ಸೆಂಟ್‌ನದ್ದರಲ್ಲಿ ನೀರು ಜಾಸ್ತಿ, ಅದು ಬೇಡ.

ಪಿನ್‌ಗಳು ಬಾಗುವ ಬೇರೆ ದಾರಿಗಳೂ ಇವೆ. ಪ್ರೊಸೆಸರ್ ಅನ್ನು ಒಂದು ಮೂಲೆಯಿಂದ ಇಳಿಸಿ ಕೈಜಾರಿ ಬಿಡುವುದು. ಕೂರಿಸಿದ ಮೇಲೆ "ಸರಿಯಾಗಿ ಕೂತಿದೆಯಾ" ಎಂದು ಆ ಕಡೆ ಈ ಕಡೆ ಜರುಗಿಸಿ ನೋಡುವುದು. ಸ್ಕ್ರೂ ಬೀಳಿಸುವುದು. ಪ್ರೊಸೆಸರ್‌ನ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ, ಮೂಲೆಯಲ್ಲಿ ತ್ರಿಕೋನದ ಗುರುತಿರುತ್ತದೆ. ಅವೆರಡನ್ನೂ ಸಾಕೆಟ್‌ಗೆ ಹೊಂದಿಸಿ, ಅಂಚು ಹಿಡಿದು, ನೇರ ಕೆಳಗೆ ಇಳಿಸಿ ಕೈ ಬಿಟ್ಟುಬಿಡಬೇಕು. ಒತ್ತಬಾರದು, ಒತ್ತುವ ಕೆಲಸ ಲಿವರ್‌ನದು. ಅಂದ ಹಾಗೆ ಲಿವರ್ ಒತ್ತುವಾಗ ಕರಕರ ಅಂತ ಸದ್ದು ಬರುತ್ತದೆ, ಬಲವೂ ಬೇಕಾಗುತ್ತದೆ. ಅದಕ್ಕೆ ಹೆದರಿ ಅರ್ಧಕ್ಕೇ ಬಿಟ್ಟು ನನಗೆ ಫೋನ್ ಮಾಡುವವರಿದ್ದಾರೆ. ಪ್ರೊಸೆಸರ್ ಸರಿಯಾಗಿ ಕೂತಿದ್ದರೆ ಆ ಸದ್ದು ಸಹಜ.

ಹಳೇ ಎಎಂ4 ಇರುವವರಿಗೆ ಬೇರೆ ಕಥೆ. ಅಲ್ಲಿ ಹೀಟ್‌ಸಿಂಕ್ ಕೆಳಗಿನ ಪೇಸ್ಟ್ ಒಣಗಿ ಗೋಂದಿನ ಹಾಗೆ ಹಿಡಿದಿರುತ್ತದೆ. ಎಳೆದರೆ ಲಾಕ್ ಆಗಿರುವ ಸಾಕೆಟ್‌ನಿಂದಲೇ ಪ್ರೊಸೆಸರ್ ಕಿತ್ತುಕೊಂಡು ಮೇಲೆ ಬರುತ್ತದೆ, ಪಿನ್‌ಗಳು ಸೊಟ್ಟ. ಬಿಚ್ಚುವ ಮುಂಚೆ ಹತ್ತು ಹದಿನೈದು ನಿಮಿಷ ಮಷೀನ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ವೈರ್ ತೆಗೆದು, ಹೀಟ್‌ಸಿಂಕ್ ಅನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ ಸಡಿಲ ಮಾಡಿಕೊಂಡು ಆಮೇಲೆ ಎತ್ತಬೇಕು.

ಇಲ್ಲೇ ವಿಡಿಯೋಗಳ ತಾಪತ್ರಯವೂ ಶುರುವಾಗುವುದು. ಎಎಂ4 ಪ್ರೊಸೆಸರ್‌ನ ನೆಟ್ಟನೆ ಪಿನ್ ಸರಿಮಾಡಲು ಪೆನ್ ಪೆನ್ಸಿಲ್‌ನ ಕಡ್ಡಿ ತೆಗೆದು ಅದರ ಖಾಲಿ ಮೂತಿಯನ್ನು ಪಿನ್‌ಗೆ ತೊಡಿಸಿ ಮೆಲ್ಲಗೆ ಎತ್ತುವ ಉಪಾಯ ಇದೆ. ಒಳ್ಳೆ ಉಪಾಯವೇ, ನಾನೂ ಮಾಡುತ್ತೇನೆ. ಹಳೇ ಎಟಿಎಂ ಕಾರ್ಡ್‌ನ ಅಂಚು ಸಾಲಿನ ನಡುವೆ ತೂರಿಸಿಯೂ ಮಾಡಬಹುದು. ಆದರೆ ಅದನ್ನೇ ನೋಡಿಕೊಂಡು ಬಂದು ಬೋರ್ಡ್ ಮೇಲಿನ ಸಾಕೆಟ್ ಪಿನ್‌ಗೆ ಪೆನ್ಸಿಲ್ ಚುಚ್ಚುವವರಿಗೆ ಏನು ಹೇಳೋಣ? ಅಲ್ಲಿರುವುದು ನೆಟ್ಟನೆ ಕಡ್ಡಿ ಅಲ್ಲವೇ ಅಲ್ಲ, ಓರೆಯಾಗಿ ನಿಂತ ತೆಳು ಸ್ಪ್ರಿಂಗ್ ಪಟ್ಟಿ. ಒಂದು ಬಾಗಿದ್ದನ್ನು ಸರಿಮಾಡಲು ಹೋಗಿ ಸುತ್ತಲಿನ ನಾಲ್ಕನ್ನು ಮಲಗಿಸಿ ತರುತ್ತಾರೆ.

ಸಾಕೆಟ್ ನೋಡುವುದೇ ಒಂದು ಕೆಲಸ. ಮೊದಲು ಕರೆಂಟ್ ವೈರ್ ಕಿತ್ತು, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲಿ ಎಂದು ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ, ತಲೆಯ ಮೇಲಿನ ಫ್ಯಾನ್ ಆರಿಸಿ. ಬೋರ್ಡ್ ಅನ್ನು ಟೇಬಲ್ ಮೇಲೆ ಮಲಗಿಸಿ, ಟಾರ್ಚ್ ಅನ್ನು ಮೇಲಿಂದ ಬಿಡದೆ ಪಕ್ಕದಿಂದ ತಗ್ಗಿನಲ್ಲಿ ಬಿಡಿ. ಪಿನ್‌ಗಳೆಲ್ಲ ಸಾಲಾಗಿ ಮಿಂಚುತ್ತವೆ. ಎಲ್ಲಿ ಆ ಸಾಲಿನಲ್ಲಿ ಒಂದು ಮಿಂಚು ಇಲ್ಲವೋ, ಅಥವಾ ಒಂದು ಮಿಂಚು ಮಾತ್ರ ಬೇರೆ ಜಾಗದಲ್ಲಿದೆಯೋ, ಅಲ್ಲಿ ತೊಂದರೆ ಇದೆ. ಒಂದು ಕಡೆಯಿಂದ ನೋಡಿದರೆ ಸಾಲದು, ಬೋರ್ಡ್ ತಿರುಗಿಸಿ ನಾಲ್ಕೂ ಕಡೆಯಿಂದ ನೋಡಬೇಕು. ನಾನು ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಬಳಸುತ್ತೇನೆ. ಮನೆಯಲ್ಲಿ ಮೊಬೈಲ್ ಕ್ಯಾಮೆರಾ ಸಾಕು, ತೀರಾ ಹತ್ತಿರ ಹಿಡಿಯದೆ ಒಂದು ಗೇಣು ದೂರದಿಂದ ಜೂಮ್ ಮಾಡಿ ಫೋಟೋ ತೆಗೆದು ಆಮೇಲೆ ದೊಡ್ಡದು ಮಾಡಿ ನೋಡಿ. ಪ್ರೊಸೆಸರ್‌ನ ಕೆಳಭಾಗವನ್ನೂ ನೋಡಿ. ಅಲ್ಲಿ ಯಾವುದಾದರೂ ಚುಕ್ಕೆ ಕಪ್ಪಾಗಿ ಸುಟ್ಟಿದ್ದರೆ ವಿಷಯ ಬರೀ ಬಾಗುವುದನ್ನು ದಾಟಿ ಹೋಗಿದೆ ಎಂದರ್ಥ.

ಎಲ್ಲ ಪಿನ್‌ಗಳೂ ಒಂದೇ ಕೆಲಸ ಮಾಡುವುದಿಲ್ಲ. ನೂರಾರು ಪಿನ್‌ಗಳು ಬರೀ ಗ್ರೌಂಡ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ. ಇನ್ನೂ ನೂರಾರು ಪ್ರೊಸೆಸರ್‌ಗೆ ಕರೆಂಟ್ ಕೊಡುವವು. ಇಂಥದ್ದರಲ್ಲಿ ಒಂದು ಗ್ರೌಂಡ್ ಪಿನ್ ಮುಟ್ಟದೆ ಇದ್ದರೆ ಮಷೀನ್‌ಗೆ ಗೊತ್ತೇ ಆಗದೆ ವರ್ಷಗಟ್ಟಲೆ ಓಡಬಹುದು. ರ‍್ಯಾಮ್‌ನ ಪಿನ್ ಆದರೆ ಅರ್ಧ ರ‍್ಯಾಮ್ ಮಾಯ. ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ ಗೆರೆಯಾದರೆ 16 ಲೇನ್‌ನಲ್ಲಿ (ಡೇಟಾ ಓಡಾಡುವ ದಾರಿ) ಓಡಬೇಕಾದ ಕಾರ್ಡ್ 8ರಲ್ಲೋ 4ರಲ್ಲೋ ಓಡುತ್ತದೆ, ಇಲ್ಲವೇ ಕಾರ್ಡೇ ಕಾಣುವುದಿಲ್ಲ. ಮುಖ್ಯವಾದ ಪಿನ್ ಆದರೆ ಡಿಸ್ಪ್ಲೇಯೇ ಇಲ್ಲ, ಇಲ್ಲವೇ ಆನ್ ಆಗಿ ಆಫ್ ಆಗಿ ಮತ್ತೆ ಆನ್ ಆಗುತ್ತಿರುತ್ತದೆ. ಭಯ ಪಡಬೇಕಾದದ್ದು ಬಾಗಿದ ಪಿನ್ ಪಕ್ಕದ ಪಿನ್ ಮೇಲೆ ಒರಗಿಕೊಂಡಾಗ. ಒಂದರಲ್ಲಿ ಕರೆಂಟ್, ಇನ್ನೊಂದು ಗ್ರೌಂಡ್ ಆಗಿದ್ದರೆ ಶಾರ್ಟ್. ಪ್ರೊಸೆಸರ್ ಕೂಡ ಹೋಗಬಹುದು. ಅದಕ್ಕೇ ಹೇಳುವುದು, ಡಿಸ್ಪ್ಲೇ ಬರಲಿಲ್ಲ ಅಂದ ತಕ್ಷಣ ಹತ್ತು ಸಲ ಆನ್ ಆಫ್ ಮಾಡುತ್ತಾ ಕೂರಬೇಡಿ, ಬಿಚ್ಚಿ ನೋಡಿ.

ಸರಿಮಾಡಲು ನನಗೆ ಬೇಕಾಗುವುದು ಹೊಲಿಗೆಯ ತೆಳು ಸೂಜಿ, ಚೂಪು ತುದಿಯ ಚಿಮಟ, ಒಳ್ಳೆ ಬೆಳಕು, ಕಣ್ಣಿನ ಗಾಜು. ಎರಡೂ ಮುಂಗೈ ಟೇಬಲ್ ಮೇಲೆ ಊರಿರಬೇಕು, ಗಾಳಿಯಲ್ಲಿ ಕೈ ಇಟ್ಟುಕೊಂಡು ಮಾಡುವ ಕೆಲಸ ಅಲ್ಲ. ಮಲಗಿದ ಪಿನ್‌ನ ಕೆಳಗೆ ಸೂಜಿಯ ತುದಿ ತೂರಿಸಿ ಕೂದಲೆಳೆಯಷ್ಟು ಎತ್ತಬೇಕು, ನಿಲ್ಲಿಸಬೇಕು, ನೋಡಬೇಕು, ಮತ್ತೆ ಎತ್ತಬೇಕು. ಒಂದೇ ಸಲಕ್ಕೆ ಸರಕ್ಕನೆ ಎತ್ತಿದರೆ ಪಿನ್ ಮೊಣಕಾಲಿನ ಥರ ಬಾಗಿರುವ ಜಾಗದಲ್ಲಿ ಮುರಿಯುತ್ತದೆ. ಆ ಕಡೆ ಬಾಗಿಸಿ ಈ ಕಡೆ ಬಾಗಿಸಿ ಮಾಡಿದರೂ ಲೋಹ ದಣಿದು ಮುರಿಯುತ್ತದೆ. ಹಾಗಾಗಿ ಅಂದ ನೋಡುತ್ತಾ ಕೂರಬಾರದು. ತುದಿ ಪಕ್ಕದವುಗಳ ಸಾಲಿಗೆ ಬಂತಾ, ಎತ್ತರ ಅಷ್ಟೇ ಇದೆಯಾ, ಯಾರನ್ನೂ ಮುಟ್ಟುತ್ತಿಲ್ಲ ತಾನೆ, ಇಷ್ಟು ಸಾಕು, ಕೈ ತೆಗೆಯಿರಿ. ಎತ್ತರ ಮರೆಯುವವರೇ ಹೆಚ್ಚು. ಮೇಲಿಂದ ನೋಡಿದರೆ ಸಾಲಿನಲ್ಲೇ ಇರುತ್ತದೆ, ಆದರೆ ತಗ್ಗಿದ್ದರೆ ಪ್ರೊಸೆಸರ್‌ನ ಚುಕ್ಕೆಗೆ ತಾಗುವುದಿಲ್ಲ, ಮಷೀನ್ ಇವತ್ತು ಬರುತ್ತದೆ ನಾಳೆ ಬರುವುದಿಲ್ಲ. ಡಿಟಿಪಿ ಅಂಗಡಿಯ ಬೋರ್ಡ್‌ನಲ್ಲಿ ನೂಲು ಬಿಡಿಸುವುದಕ್ಕೇ ಪಿನ್ ಎತ್ತಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಎಳೆಯನ್ನು ಎಳೆಯದೆ, ಎರಡೂ ಕಡೆ ಕತ್ತರಿಸಿ, ಉಳಿದ ತುಂಡನ್ನು ಕೊಕ್ಕೆಯಿಂದ ಹಿಂದಕ್ಕೆ ತಳ್ಳಿ ತೆಗೆದೆ. 16 ಜಿಬಿ ಬಂತು. ಅವತ್ತು ರಾತ್ರಿಯೇ ಅವರು ಲಗ್ನಪತ್ರಿಕೆ ಪ್ರಿಂಟ್‌ಗೆ ಹಾಕಿದರು. ನಾನು ತೆಗೆದುಕೊಂಡಿದ್ದು 500 ರೂಪಾಯಿ.

ಮುರಿದೇ ಹೋಗಿದ್ದರೆ ಬೇರೆ ಮಾತು. ಅದು ಯಾವ ಪಿನ್ ಎಂದು ನಕ್ಷೆ ನೋಡಿ ತಿಳಿದುಕೊಳ್ಳಬೇಕು, ಗ್ರೌಂಡ್ ಆಗಿದ್ದು ಉಳಿದದ್ದೆಲ್ಲ ಸರಿ ಇದ್ದರೆ ಮಷೀನ್ ಓಡುತ್ತಿರುವವರೆಗೆ ಮುಟ್ಟದೆ ಬಿಡುವುದೇ ಒಳ್ಳೆಯದು. ಬೇಕಾದ ಪಿನ್ ಆದರೆ ಸತ್ತ ಬೋರ್ಡ್‌ನ ಸಾಕೆಟ್‌ನಿಂದ ಒಂದು ಪಿನ್ ಕಿತ್ತು ತಂದು ಕೂರಿಸುವ ಕೈಚಳಕ ಇರುವವರು ಇದ್ದಾರೆ, ನನಗೆ ಅಷ್ಟು ಧೈರ್ಯ ಇಲ್ಲ. ಇಲ್ಲವೇ ಪೂರ್ತಿ ಸಾಕೆಟ್ ಬದಲಿಸಬೇಕು. ಸಾಕೆಟ್ ಬೋರ್ಡ್‌ಗೆ ಹಿಡಿದುಕೊಂಡಿರುವುದು ಅದರ ಕೆಳಗಿನ ಸಾವಿರಾರು ಸಣ್ಣ ಬೆಸುಗೆ ಉಂಡೆಗಳಿಂದ. ಸೀಸ ಇಲ್ಲದ ಈಗಿನ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಬೋರ್ಡ್ ಅನ್ನು ಕೆಳಗಿನಿಂದ ನಿಧಾನವಾಗಿ ಕಾಯಿಸಿ, ಮೇಲಿಂದ ಅಳತೆಯ ಬಿಸಿ ಕೊಟ್ಟು ಹಳೇ ಸಾಕೆಟ್ ಎತ್ತಿ ಹೊಸದನ್ನು ಕೂರಿಸಬೇಕು. ಲ್ಯಾಪ್‌ಟಾಪ್ ಚಿಪ್ ಲೆವೆಲ್ ಕೆಲಸ ಮಾಡುವವರ ಹತ್ತಿರ ಇದಕ್ಕೆ ಮಷೀನ್ ಇರುತ್ತದೆ. ಬರೀ ಹಾಟ್ ಏರ್ ಗನ್ ಹಿಡಿದು ಮಾಡುತ್ತೇನೆ ಅನ್ನುವವರ ಕೈಗೆ ಕೊಡಬೇಡಿ, ಬೋರ್ಡ್ ಸೊಟ್ಟಾಗುತ್ತದೆ. ದುಬಾರಿ ಬೋರ್ಡ್ ಆದರೆ ಮಾತ್ರ ಇಷ್ಟೆಲ್ಲ ಮಾಡಿಸಿ. ಐದಾರು ಸಾವಿರದ ಬೋರ್ಡ್‌ಗೆ ಇದು ಅಸಲು ಹುಟ್ಟುವ ಬಾಬತ್ತಲ್ಲ. ಬಿಡಿ ಸಾಕೆಟ್ ಬೇಕೆಂದರೂ ನಮ್ಮೂರಲ್ಲಿ ಸಿಗುವುದಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬೇಕು, ಇಲ್ಲವೇ ಆನ್‌ಲೈನ್.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಅದಕ್ಕೊಂದು ಪೋರ್ಟಲ್ ಕೂಡ ಬಂತು. ಒಳ್ಳೆಯದೇ. ಆದರೆ ಒಂದು ಸಾಕೆಟ್ ಸಿಗಲಿಕ್ಕೆ ಇನ್ನೂ ಸತ್ತ ಬೋರ್ಡ್‌ಗಳ ರಾಶಿಯನ್ನೇ ಕೆದಕಬೇಕಾಗಿದೆ.

ಸರ್ವಿಸ್‌ಗೆ ಬೋರ್ಡ್ ತೆಗೆದುಕೊಳ್ಳುವವರಿಗೂ ಇದೇ ಮಾತು ಹೇಳಬೇಕು. ಸಾಕೆಟ್ ನೋಡದೆ ಬರೀ "ಒಂದು ಬೋರ್ಡ್, ನೋ ಡಿಸ್ಪ್ಲೇ" ಎಂದು ಚೀಟಿ ಬರೆದುಕೊಡುತ್ತಾರೆ. ಬೋರ್ಡ್ ಬೆಂಗಳೂರಿಗೆ ಹೋಗುತ್ತದೆ. ಎರಡು ವಾರ ಬಿಟ್ಟು "ಪಿನ್ ಬೆಂಡ್, ರಿಜೆಕ್ಟ್" ಎಂದು ವಾಪಸ್ ಬರುತ್ತದೆ. ಕೊಟ್ಟಾಗ ಪಿನ್ ಸರಿ ಇತ್ತಾ ಇಲ್ವಾ ಎಂದು ಚೀಟಿಯಲ್ಲಿ ಇರುವುದಿಲ್ಲ. ಕೊಡುವ ದಿನವೇ ಸಾಕೆಟ್ ತೆರೆಸಿ, ಫೋಟೋ ತೆಗೆದು, "ಪಿನ್‌ಗಳು ಸರಿ ಇವೆ" ಎಂದು ಚೀಟಿ ಮೇಲೆ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಬೋರ್ಡ್ ಕೊಡಬೇಡಿ. ಮೊದಲೇ ಬಾಗಿದ್ದರೆ ಅವರೂ ಅವತ್ತೇ ಹೇಳಲಿ, ಎರಡು ವಾರ ಕಾಯಿಸುವುದು ಯಾಕೆ?

ಕಾನೂನು ನಮ್ಮ ಪರ ಇಲ್ಲ ಅಂತೇನೂ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಬಿಲ್ ಕೊಡದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ. ದೋಷ ಇರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಅನುಚಿತ ವ್ಯಾಪಾರವೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ, ತೊಂದರೆಯಾದ 2 ವರ್ಷದೊಳಗೆ ಹೋಗಬಹುದು. ಆದರೆ ಅಲ್ಲಿ ಹೋಗಿ ನಿಂತಾಗ ಮೊದಲು ಕೇಳುವುದು, ದೋಷ ಕೊಂಡಾಗಲೇ ಇತ್ತು ಎನ್ನುವುದಕ್ಕೆ ಏನಿದೆ ನಿಮ್ಮ ಹತ್ತಿರ ಅಂತ. ಆ ಜಗಳೂರಿನ ಹುಡುಗನ ಹತ್ತಿರ ಏನೂ ಇರಲಿಲ್ಲ. ಅವನ ಬೋರ್ಡ್‌ನ ಪಿನ್‌ಗಳನ್ನು ಎತ್ತಿ ಕೊಟ್ಟೆ, ಮಷೀನ್ ಓಡುತ್ತಿದೆ, ವಾರಂಟಿ ಮಾತ್ರ ಇಲ್ಲ. ಅಂಗಡಿಯವರ ಕಡೆಯಿಂದ ನೋಡಿದರೂ ಅಷ್ಟೇ. ಸರಿ ಇರುವ ಬೋರ್ಡ್ ತಗೊಂಡು ಹೋಗಿ ಮನೆಯಲ್ಲಿ ಬಾಗಿಸಿಕೊಂಡು ಬಂದು ಜಗಳ ಆಡುವ ಗಿರಾಕಿಗಳನ್ನೂ ನಾನು ನೋಡಿದ್ದೇನೆ. ಬಿಲ್ ಮೇಲಿನ ಎರಡು ಸಹಿ ಅವರನ್ನೂ ಕಾಯುತ್ತದೆ.

ನಮ್ಮಲ್ಲಿ ಯುಬಿಡಿಟಿ, ಬಿಐಇಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್, ಐಟಿಐಗಳಿವೆ. ಲ್ಯಾಬ್‌ನಲ್ಲಿ ಮೂಲೆಗೆ ಬಿದ್ದ ಹಳೇ ಬೋರ್ಡ್‌ಗಳನ್ನು ಗುಜರಿಗೆ ಹಾಕುವ ಮುಂಚೆ ಹುಡುಗರ ಕೈಗೆ ಕೊಟ್ಟು ಪ್ರೊಸೆಸರ್ ಕೂರಿಸಿ ತೆಗೆಯುವುದನ್ನು, ಪಿನ್ ಎತ್ತುವುದನ್ನು ಮಾಡಿಸಿದರೆ ಒಂದು ಮಧ್ಯಾಹ್ನದ ಕೆಲಸ. ಬರೀ ಕರಿಹಲಗೆ ಮೇಲೆ ಚಿತ್ರ ಬರೆದು ಪಾಠ ಮಾಡಿದರೆ ಕೈಗೆ ಬರುವುದಿಲ್ಲ.

ಅಂಗಡಿಯವರಲ್ಲಿ ಕೆಲವರು ನನ್ನ ಸ್ನೇಹಿತರೇ, ಇದನ್ನು ಓದಿ ಬೇಜಾರು ಮಾಡಿಕೊಳ್ಳಬಹುದು. ಅವರಲ್ಲಿ ಒಬ್ಬರು ಈಗಾಗಲೇ ಕೌಂಟರ್ ಮೇಲೆ ಒಂದು ಟೇಬಲ್ ಲೈಟ್, ಒಂದು ಭೂತಗನ್ನಡಿ ಇಟ್ಟಿದ್ದಾರೆ, ಕೇಳಿದವರಿಗೆ ಸಾಕೆಟ್ ತೋರಿಸಿಯೇ ಕೊಡುತ್ತಾರೆ. ಕೇಳದವರಿಗೂ ತೋರಿಸಿ ಎನ್ನುವುದಷ್ಟೇ ನನ್ನ ವಿನಂತಿ. ಕೊಳ್ಳುವವರೂ ದುಡ್ಡು ಕೊಡುವ ಮುಂಚೆಯೇ ಕೇಳಿ. ಬಿಲ್ ಆದ ಮೇಲೆ ಕೇಳಿದರೆ "ನಿಮ್ಮ ಮನೆಗೆ ಹೋಗಿ ನೋಡ್ಕೊಳ್ಳಿ" ಅನ್ನುತ್ತಾರೆ.

ಇಂತಿ,
ಒಬ್ಬ ಕಂಪ್ಯೂಟರ್ ರಿಪೇರಿಯವನು,
ದಾವಣಗೆರೆ